ಮಿಆರ್-155ರ ಪ್ರಯೋಗದಲ್ಲಿ ನಾನು ಎಡವಿದ್ದೆಲ್ಲಿ

ರೋಗನಿರೋಧಕ ವ್ಯವಸ್ಥೆಯು ದೇಹದ ಸ್ವಂತ ಅಂಗಾಂಶಗಳ ಮೇಲೆಯೇ ತಿರುಗಿಬೀಳದಂತೆ ಕಾಯುವ ನಿಯಂತ್ರಕ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಮಿಆರ್-155 ಎಂಬ ಮೈಕ್ರೋ ಆರ್‌ಎನ್‌ಎಯನ್ನು (ಪುಟ್ಟ ಆರ್‌ಎನ್‌ಎ ತುಣುಕನ್ನು) ತಡೆದರೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ (ಆರ್‌ಎನ್‌ಎ ಸರಪಳಿಯ ಕೊಂಡಿಗಳಷ್ಟೇ) ಉದ್ದವಿರುವ ಈ ಆರ್‌ಎನ್‌ಎ ತಾನಾಗಿ ಯಾವ ಪ್ರೋಟೀನಿಗೂ ಸಂಕೇತವಾಗುವುದಿಲ್ಲ. ಅದು ಸಾಕ್ಸ್-1 ಎಂಬ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಆ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತದೆ. ಸಾಕ್ಸ್-1, ಟಿ ಕೋಶಗಳ ಬೆಳವಣಿಗೆಗೂ ಉಳಿವಿಗೂ ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನು ನೀಡುವ ಸಂಕೇತಕ್ಕೆ ಕಡಿವಾಣ ಹಾಕುವಂಥದ್ದು. ನಿಯಂತ್ರಕ ಕೋಶಗಳಾದರೋ ಆ ಇಂಟರ್‌ಲ್ಯೂಕಿನ್‌ಗಾಗಿ ನೆರೆಯ ಕೋಶಗಳನ್ನೇ ನೆಚ್ಚಿಕೊಂಡಿರುತ್ತವೆ.

ಮೊದಲ ಸಲ ನಿಯಂತ್ರಕ ಕೋಶಗಳನ್ನೂ ಸಾಮಾನ್ಯ ಟಿ ಕೋಶಗಳನ್ನೂ ಬೆರೆಸಿದ ಮೇಲೆ, ಮಿಆರ್-155ನ್ನು ತಡೆಯುವ ಪ್ರತಿಬಂಧಕವನ್ನು ಹಾಕಿದೆ. ಸಾಮಾನ್ಯ ಕೋಶಗಳ ವಿಭಜನೆ ಇಳಿದದ್ದನ್ನು ಕಂಡು, ಆ ವಿಭಜನೆಯನ್ನು ಹತ್ತಿಕ್ಕುವ ನಿಯಂತ್ರಕ ಕೋಶಗಳ ಶಕ್ತಿ, ಅಂದರೆ ನಿಯಂತ್ರಣ ಶಕ್ತಿ, ಹೆಚ್ಚಿತೆಂದು ಹಿಗ್ಗಿದೆ. ನಿಯಂತ್ರಕ ಕೋಶಗಳೇ ಇಲ್ಲದ ಬಾವಿಗಳಲ್ಲಿಯೂ (ಕೋಶ ಬೆಳೆಸುವ ತಟ್ಟೆಯ ಪುಟ್ಟ ಗುಳಿಗಳಲ್ಲಿಯೂ) ವಿಭಜನೆ ಅಷ್ಟೇ ಇಳಿದಿತ್ತೆಂಬುದು ವಾರಗಳ ಬಳಿಕ, ಆ ಹೋಲಿಕೆಯನ್ನು ತಡವಾಗಿ ಸೇರಿಸಿದಾಗ ತಿಳಿಯಿತು. ಚುರುಕುಗೊಂಡ ಸಾಮಾನ್ಯ ಟಿ ಕೋಶಗಳಲ್ಲಿಯೂ ಮಿಆರ್-155 ಹೇರಳವಾಗಿರುತ್ತದೆ. ನಾನು ತಡೆದದ್ದು ಅವುಗಳನ್ನೇ.

ಆಮೇಲೆ, ಕೋಶದ ಮೇಲ್ಮೈಯ ಗುರುತು ಪ್ರೋಟೀನುಗಳಾದ ಸಿಡಿ4, ಸಿಡಿ25 ಇದ್ದು ಸಿಡಿ127 ಕಡಿಮೆಯಿರುವ ಕೋಶಗಳನ್ನು, ಅಂದರೆ ನಿಯಂತ್ರಕ ಕೋಶಗಳನ್ನು, ಬೇರ್ಪಡಿಸಿದೆ. ನಿಯಂತ್ರಕ ಕೋಶಗಳ ಮುಖ್ಯ ಗುರುತಾದ ಫಾಕ್ಸ್‌ಪಿ3 ಪ್ರೋಟೀನು ಕೋಶಕೇಂದ್ರದೊಳಗಿರುವುದರಿಂದ ಅದನ್ನು ಬಣ್ಣದಿಂದ ಗುರುತಿಸಲು ಹೊರಟರೆ ಕೋಶ ಸಾಯುತ್ತದೆ. ಎರಡು ದಿನ ಪ್ರತ್ಯೇಕವಾಗಿ ಪ್ರತಿಬಂಧಕದಲ್ಲಿಟ್ಟು, ತೊಳೆದು, ಆನಂತರವೇ ಸಾಮಾನ್ಯ ಟಿ ಕೋಶಗಳೊಡನೆ 1:1, 1:2, 1:4ರ ಪ್ರಮಾಣದಲ್ಲಿ ಬೆರೆಸಿದೆ. ತಡೆ ಕೆಲಸ ಮಾಡಿತೇ ಎಂಬುದನ್ನು ಪಿಸಿಆರ್‌ನಲ್ಲಿ (ಆರ್‌ಎನ್‌ಎಯ ಪ್ರಮಾಣ ಅಳೆಯುವ ವಿಧಾನದಲ್ಲಿ) ಮಿಆರ್-155ನ್ನು ಅಳೆದು ನಿರ್ಧರಿಸಲಿಲ್ಲ, ಏಕೆಂದರೆ ಅಂಟಿಕೊಂಡ ಪ್ರತಿಬಂಧಕವೇ ಅಳತೆಯನ್ನು ಕೆಡಿಸಬಲ್ಲದು. ಸಾಕ್ಸ್-1 ಪ್ರೋಟೀನು ಏರಿತೇ ಎಂದು ನೋಡಿದೆ. ಅದು ಏರಿತ್ತು, ಆದರೆ ನಿಯಂತ್ರಣ ಶಕ್ತಿ ಕುಗ್ಗಿರಲಿಲ್ಲ.

ದೋಷ ಕೋಶಗಳನ್ನು ಬೆಳೆಸುವ ಪೋಷಕ ದ್ರವದಲ್ಲಿಯೂ ಇತ್ತು. ಅದಕ್ಕೆ ಇಂಟರ್‌ಲ್ಯೂಕಿನ್-2ನ್ನು ಧಾರಾಳವಾಗಿ ಸುರಿದಿದ್ದೆ, ಹಾಗಾಗಿ ಸಾಕ್ಸ್-1 ಹಾಕುವ ಕಡಿವಾಣದ ಪರಿಣಾಮ ಕಾಣಿಸಿರಲಿಲ್ಲ. ಇಂಟರ್‌ಲ್ಯೂಕಿನ್ಅನ್ನು ತೀರಾ ಕಡಿಮೆ ಮಾಡಿ, ತಡೆಯೊಡ್ಡಿದ ಮತ್ತು ಒಡ್ಡದ ನಿಯಂತ್ರಕ ಕೋಶಗಳನ್ನು ಬೇರೆ ಬೇರೆ ಬಣ್ಣಗಳಲ್ಲಿ ಒಂದೇ ಬಾವಿಯಲ್ಲಿ ಬೆಳೆಸಿದಾಗ ಮೊದಲನೆಯವು ದಿನೇ ದಿನೇ ಕರಗಿದವು. ಮಿಆರ್-155 ಇಲ್ಲದ ಇಲಿಗಳಲ್ಲಿ 2009ರಲ್ಲಿ ಕಂಡದ್ದೂ ಇದೇ: ಕುಂದುವುದು ಕೋಶದ ಕೌಶಲವಲ್ಲ, ಅದರ ಉಳಿವು.

ಸ್ವಯಂನಿರೋಧಕ ರೋಗಗಳಿಗೆ ಮಿಆರ್-155 ಪ್ರತಿಬಂಧಕವನ್ನು ಔಷಧವಾಗಿ ಯೋಚಿಸುವವರು, ದಾಳಿಕೋರ ಕೋಶಗಳೊಡನೆ ನಿಯಂತ್ರಕ ಕೋಶಗಳೂ ಕುಗ್ಗುವ ಈ ಇಬ್ಬಂದಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಈ ಆರ್‌ಎನ್‌ಎ ಇಲ್ಲದ ಇಲಿಗಳು ಮಿದುಳು-ಬೆನ್ನುಹುರಿಯ ಪ್ರಾಯೋಗಿಕ ಸ್ವಯಂನಿರೋಧಕ ಉರಿಯೂತಕ್ಕೆ ಸುಲಭವಾಗಿ ತುತ್ತಾಗುವುದಿಲ್ಲ, ಅಂದರೆ ಅಲ್ಲಿ ದಾಳಿಕೋರ ಕೋಶಗಳು ಕುಗ್ಗಿದ ಲಾಭವೇ ಮೇಲಾಗಿದೆ. ಈಗ ನಾನು ಪ್ರತಿಬಂಧಕವನ್ನು ಎರಡೂ ಬಗೆಯ ಕೋಶಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು, ಯಾವುದು ಮೊದಲು ಸೋಲುತ್ತದೆ ಎಂದು ಅಳೆಯುತ್ತಿದ್ದೇನೆ.