ಕರೆಂಟ್ ಹೋದಾಗಲೂ ಆಫೀಸ್ ಫೋನ್ ನಡೆಯಬೇಕು: ನನ್ನ ಅನುಭವ

ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ ಆಫೀಸುಗಳಿಗೆ ಇಂಟರ್‌ಕಾಮ್ ಹಾಕುವುದು ನನ್ನ ಕೆಲಸ. ಬೇಸಿಗೆಯಲ್ಲಿ ಗಾಳಿ ಮಳೆ ಬಂತು ಅಂದರೆ ಕರೆಂಟ್ ಹೋಗುತ್ತೆ. ಯುಪಿಎಸ್ ಬ್ಯಾಟರಿ ಮುಗಿದ ಮೇಲೆ ಇಪಿಎಬಿಎಕ್ಸ್ (ಹೊರಗಿನ ಲೈನುಗಳನ್ನು ಆಫೀಸಿನ ಫೋನುಗಳಿಗೆ ಹಂಚುವ ಡಬ್ಬಿ) ಕೂಡ ಆಫ್, ಆಫೀಸಿನ ಎಲ್ಲ ಫೋನೂ ಬಂದ್. "ಮೊಬೈಲ್ ಇದೆಯಲ್ಲ" ಅಂತ ಸಾಹುಕಾರ್ರು ಹೇಳುತ್ತಾರೆ. ಆದರೆ ವ್ಯಾಪಾರಿಗಳ ಹತ್ತಿರ ಇರೋದು ಮಿಲ್ಲಿನ ನಂಬರ್ ಅಲ್ವಾ? ಅದು ರಿಂಗ್ ಆಗಬೇಕು, ಯಾರಾದರೂ ಎತ್ತಬೇಕು.

ತಾಮ್ರದ ಲೈನ್ ಇದ್ದರೆ ಇದು ಕಷ್ಟವೇನಲ್ಲ. ಎಕ್ಸ್‌ಚೇಂಜ್ ಆ ತಂತಿಯಲ್ಲೇ 48 ವೋಲ್ಟ್ ಡಿಸಿ ಕಳಿಸುತ್ತೆ, ಸಾದಾ ಫೋನಿಗೆ ಅಷ್ಟೇ ಸಾಕು. ಆದ್ದರಿಂದ ಇಪಿಎಬಿಎಕ್ಸ್ ಆಫ್ ಆದ ಕೂಡಲೇ ಲೈನ್ ಆ ಡಬ್ಬಿಯನ್ನು ಬಿಟ್ಟು ನೇರವಾಗಿ ಒಂದು ಫೋನಿಗೆ ಹೋಗಬೇಕು. ಇದಕ್ಕೆ ಪವರ್ ಫೇಲ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಎಷ್ಟೋ ಇಪಿಎಬಿಎಕ್ಸ್‌ಗಳಲ್ಲಿ ಇದು ಒಳಗೇ ಇರುತ್ತೆ. ಯಾವ ಲೈನ್ ಯಾವ ಎಕ್ಸ್‌ಟೆನ್ಶನ್‌ಗೆ (ಒಳಗಿನ ಫೋನಿಗೆ) ಬೀಳುತ್ತೆ ಅಂತ ಮ್ಯಾನುಯಲ್‌ನಲ್ಲಿ ನೋಡಿ ವೈರ್ ಮಾಡಿದರೆ ಮುಗೀತು.

ಒಳಗೆ ಇಲ್ಲದಿದ್ದರೆ ನಾನು ನಾಲ್ಕು ಪೋಲ್ ರಿಲೇ ಹಾಕುತ್ತೇನೆ, ಅಂದರೆ ತನಗೆ ಕರೆಂಟ್ ಇದ್ದಾಗ ಒಂದು ಕಡೆ, ಹೋದಾಗ ಇನ್ನೊಂದು ಕಡೆ ತಾನೇ ತಿರುಗುವ ನಾಲ್ಕು ಸ್ವಿಚ್. ಎರಡು ಪೋಲ್‌ನ ಕಾಮನ್‌ಗೆ (ಎರಡೂ ಕಡೆ ತಿರುಗುವ ತುದಿಗೆ) ಹೊರಗಿನ ಲೈನ್, ಉಳಿದ ಎರಡರ ಕಾಮನ್‌ಗೆ ಫೋನ್. ರಿಲೇ ಎಳೆದುಕೊಂಡಿರುವಾಗ ಲೈನ್ ಡಬ್ಬಿಯ ಟ್ರಂಕ್ ಪೋರ್ಟ್‌ಗೆ (ಹೊರಗಿನ ಲೈನ್ ಸೇರುವ ಕಡೆಗೆ), ಫೋನ್ ಎಕ್ಸ್‌ಟೆನ್ಶನ್ ಪೋರ್ಟ್‌ಗೆ. ಬಿಟ್ಟಾಗ ಎರಡೂ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಹೀಗೆ ಮಾಡಿದರೆ ಆ ಫೋನ್ ಬೇರೆ ದಿನ ಸುಮ್ನೆ ಬಿದ್ದಿರುವುದಿಲ್ಲ, ದಿನಾ ಬಳಕೆಯಲ್ಲಿರುತ್ತೆ, ಕೆಟ್ಟರೆ ಕೂಡಲೇ ಗೊತ್ತಾಗುತ್ತೆ. ರಿಲೇ ಕಾಯಿಲ್‌ನ ಅಡಾಪ್ಟರನ್ನು ಇಪಿಎಬಿಎಕ್ಸ್ ಇರುವ ಯುಪಿಎಸ್ ಸಾಕೆಟ್‌ಗೇ ಹಾಕಬೇಕು. ಗೋಡೆಯ ಸಾಕೆಟ್‌ಗೆ ಹಾಕಿದರೆ ಡಬ್ಬಿ ಇನ್ನೂ ಜೀವಂತ ಇರುವಾಗಲೇ ರಿಲೇ ಬಿಟ್ಟುಬಿಡುತ್ತೆ. ಕ್ರೋನ್ ಮಾಡ್ಯೂಲ್ (ಫೋನ್ ತಂತಿಗಳನ್ನು ಜೋಡಿಸುವ ಪಟ್ಟಿ) ಮೇಲೆ ಕೆಲಸ ಮಾಡುವಾಗ ಬರಿಗೈಯಲ್ಲಿ ಎರಡೂ ತಂತಿ ಹಿಡಿಯಬೇಡಿ. ಅದೇ ಹೊತ್ತಿಗೆ ಕಾಲ್ ಬಂದರೆ ರಿಂಗ್‌ನ 75 ವೋಲ್ಟ್ ಎಸಿ ಹೊಡೆಯುತ್ತೆ.

ಯಾವ ಲೈನ್ ಆರಿಸುತ್ತೀರಿ ಅನ್ನೋದು ವೈರಿಂಗ್‌ಗಿಂತ ಜಾಸ್ತಿ ಮುಖ್ಯ. ಬಿಲ್ ಬುಕ್ಕಿನಲ್ಲಿ, ಬೋರ್ಡಿನ ಮೇಲೆ ಬರೆಸಿದ ನಂಬರನ್ನೇ ಇದಕ್ಕೆ ಕೊಡಬೇಕು. ಬೇರೆ ಲೈನ್ ಕೊಟ್ಟರೆ ಕರೆ ಮಾಡಿದವರಿಗೆ ಆ ಕಡೆ ರಿಂಗ್ ಕೇಳಿಸುತ್ತಲೇ ಇರುತ್ತೆ, ಇಲ್ಲಿ ಒಂದು ಫೋನೂ ಸದ್ದು ಮಾಡುವುದಿಲ್ಲ. ಫೋನ್ ಕೂಡ ಸಾದಾ ವೈರ್‌ನದ್ದೇ ಆಗಿರಬೇಕು. ಕಾರ್ಡ್‌ಲೆಸ್ ಬೇಸ್‌ಗೆ ಅದರದ್ದೇ ಕರೆಂಟ್ ಬೇಕು, ಡಿಜಿಟಲ್ ಕೀ ಫೋನ್‌ಗೆ ಇಪಿಎಬಿಎಕ್ಸೇ ಬೇಕು, ಎರಡೂ ಇಲ್ಲಿ ನಡೆಯಲ್ಲ.

ಆ ಫೋನ್ ಇಡುವ ಜಾಗವನ್ನೂ ನೋಡಿ. ಲೈನ್ ನೇರ ಸಿಕ್ಕಿರುವ ಹೊತ್ತಿನಲ್ಲಿ ಎಸ್‌ಟಿಡಿ ಲಾಕ್ ಇಪಿಎಬಿಎಕ್ಸ್‌ನಲ್ಲಿದ್ದರೆ ಕೆಲಸ ಮಾಡಲ್ಲ, ಯಾರು ಎಲ್ಲಿಗೆ ಬೇಕಾದರೂ ಹಚ್ಚಬಹುದು. ನಾನು ಸಾಮಾನ್ಯವಾಗಿ ಗುಮಾಸ್ತರ ಟೇಬಲ್ಲಿಗೆ, ಇಲ್ಲಾ ರಾತ್ರಿಯೂ ಜನ ಇರುವ ತೂಕದ ಕಾಟಾ ರೂಮಿಗೆ ಕೊಡುತ್ತೇನೆ. ಇನ್ನೊಂದು, ಹೊರಗಿನ ಲೈನ್‌ಗೆ 0 ಒತ್ತಿ ಅಭ್ಯಾಸ ಆಗಿರುತ್ತೆ. ಇಪಿಎಬಿಎಕ್ಸ್ ಆಫ್ ಆದಾಗ ಲೈನ್ ನೇರ ಸಿಕ್ಕಿರುತ್ತೆ, ಆಗಲೂ 0 ಒತ್ತಿ 112 ಹಚ್ಚಿದರೆ ಹೋಗಲ್ಲ. ಅವಸರದಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ. ಅದಕ್ಕೇ "ಇಪಿಎಬಿಎಕ್ಸ್ ಆಫ್ ಆದಾಗ 0 ಒತ್ತಬೇಡಿ" ಅಂತ ದೊಡ್ಡದಾಗಿ ಬರೆದು ಫೋನಿನ ಮೇಲೇ ಅಂಟಿಸುತ್ತೇನೆ.

ಕೆಲಸ ಮುಗಿದ ಮೇಲೆ ಇಪಿಎಬಿಎಕ್ಸ್ ಪ್ಲಗ್ಗನ್ನೂ ರಿಲೇ ಅಡಾಪ್ಟರನ್ನೂ ಸಾಹುಕಾರ್ರ ಎದುರಿಗೇ ಕೀಳುತ್ತೇನೆ. ಡಯಲ್ ಟೋನ್ ಬರಬೇಕು, ಹೊರಗೆ ಕಾಲ್ ಹೋಗಬೇಕು, ಒಳಗೆ ಬರಬೇಕು. ಮಾತಾಡುತ್ತಿರುವಾಗಲೇ ಕರೆಂಟ್ ವಾಪಸ್ ಕೊಟ್ಟೂ ನೋಡುತ್ತೇನೆ. ನಾನು ಹಾಕುವಂಥ ಸಾದಾ ರಿಲೇ ಆದರೆ ಆಗ ಕಾಲ್ ಕಟ್ ಆಗುತ್ತೆ, ಅದನ್ನು ಮೊದಲೇ ಹೇಳಿಬಿಡಬೇಕು. ಕೆಲವು ಒಳ್ಳೆಯ ಡಬ್ಬಿಗಳು ಮಾತು ಮುಗಿಯುವವರೆಗೆ ಕಾಯುತ್ತವೆ.

ಈಗ ಫೈಬರ್ ಬಂದ ಕಡೆ ಲೆಕ್ಕ ಬೇರೆ. ಗಾಜಿನ ಎಳೆಯಲ್ಲಿ 48 ವೋಲ್ಟ್ ಬರುವುದಿಲ್ಲ, ಫೋನಿಗೆ ವೋಲ್ಟೇಜ್ ಕೊಡುವುದು ಗೋಡೆಯ ಮೇಲಿನ ಓಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ). ಅದು ಆಫ್ ಆದರೆ ಯಾವ ರಿಲೇ ಇದ್ದೂ ಪ್ರಯೋಜನ ಇಲ್ಲ. ಅಲ್ಲಿ ರಿಲೇ ಜೊತೆಗೆ ಓಎನ್‌ಟಿಗೇ ಬೇರೆ ಮಿನಿ ಯುಪಿಎಸ್ ಹಾಕುತ್ತೇನೆ. ಓಎನ್‌ಟಿ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ ನೋಡಿಯೇ ಕೊಳ್ಳಿ, ಸಾಮಾನ್ಯವಾಗಿ 12 ವೋಲ್ಟ್ ಇರುತ್ತೆ. ಕಂಪ್ಯೂಟರ್, ಪ್ರಿಂಟರ್ ಇರುವ ಯುಪಿಎಸ್‌ಗೆ ಇದನ್ನು ಸೇರಿಸಬೇಡಿ, ಬ್ಯಾಟರಿ ಬೇಗ ಖಾಲಿಯಾಗುತ್ತೆ.