ಆರೈಕೆ ಮನೆ ಆರಿಸುವುದು ಹೇಗೆ? ರಾತ್ರಿಯ ಲೆಕ್ಕದಿಂದ ಶುರು ಮಾಡಿ

‘ಅಸಿಸ್ಟೆಡ್ ಲಿವಿಂಗ್’ ಅಂದರೆ ವೃದ್ಧಾಶ್ರಮಕ್ಕೆ ಇಟ್ಟ ಹೊಸ ಹೆಸರು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಆಸ್ಪತ್ರೆ ಬೇಕಿಲ್ಲ, ಆದರೆ ಸ್ನಾನಕ್ಕೋ ಮಾತ್ರೆಗೋ ಎದ್ದು ನಡೆಯೋದಕ್ಕೋ ಒಬ್ಬರ ಕೈ ಬೇಕು ಅನ್ನುವ ಹಿರಿಯರಿಗೆ ಇರುವ ಜಾಗ ಇದು. ಎಲ್ಲವನ್ನೂ ತಾವೇ ಮಾಡಿಕೊಳ್ಳುವವರಿಗೆ ಇದು ಬೇಕಾಗಿಲ್ಲ. ಮೂಗಿಗೆ ನಳಿಕೆ ಹಾಕಿದವರಿಗೆ ಇದು ಸಾಲುವುದಿಲ್ಲ, ಹಗಲು ರಾತ್ರಿ ನರ್ಸ್ ಇರಬೇಕು.

ಮೊದಲು ಮನೆಯಲ್ಲೇ ಕೂತು ಬರೆಯಿರಿ. ಸ್ನಾನ, ಬಟ್ಟೆ, ಊಟ, ಶೌಚ, ಓಡಾಟ. ಪ್ರತಿಯೊಂದರ ಮುಂದೆ ‘ತಾವೇ’, ‘ಪಕ್ಕದಲ್ಲಿದ್ದರೆ ಸಾಕು’, ‘ಪೂರ್ತಿ ಮಾಡಿಸಬೇಕು’ ಎಂದು ಗುರುತು ಹಾಕಿ. ಅಪ್ಪ ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ. ಇರಬೇಕಾದವರು ಅವರು, ಅಲ್ವಾ? ರಾತ್ರಿ ಎಷ್ಟು ಸಲ ಏಳುತ್ತಾರೆ ಅನ್ನೋದನ್ನು ಮರೆಯಬೇಡಿ. ನಮ್ಮಮ್ಮ ಮೂರು ಸಲ ಏಳುತ್ತಿದ್ದರು.

ಆಮೇಲೆ ಜಾಗ ನೋಡಲು ಹೋಗಿ. ಒಂದು ಸಲ ಹೇಳಿ ಹೋಗಿ, ಇನ್ನೊಂದು ಸಲ ಹೇಳದೆ ಸಂಜೆ ಹೊತ್ತು ಹೋಗಿ. ‘ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ? ಒಬ್ಬ ಆಯಾ ಎಷ್ಟು ಮಂದಿಯನ್ನು ನೋಡಿಕೊಳ್ಳಬೇಕು?’ ಎಂದು ನೇರವಾಗಿ ಕೇಳಿ. ಹಗಲಿನ ಲೆಕ್ಕ ಎಲ್ಲರೂ ಚೆನ್ನಾಗಿಯೇ ಹೇಳುತ್ತಾರೆ. ನಾನು ನೋಡಿದ ಒಂದು ಕಡೆ ಲಾನು, ದೇವರ ಮನೆ ಎಲ್ಲಾ ಸೊಗಸಾಗಿತ್ತು. ನರ್ಸ್ ಮೇಜಿನ ಮೇಲೆ ಮಾತ್ರೆ ಕೊಟ್ಟ ಲೆಕ್ಕದ ಫೈಲು ತೆರೆದಿತ್ತು. ಆಗ ಸಂಜೆ ನಾಲ್ಕು ಗಂಟೆ. ರಾತ್ರಿ ಒಂಬತ್ತರ ಮಾತ್ರೆಗೆ ಆಗಲೇ ಸಹಿ ಬಿದ್ದಿತ್ತು. ಅಲ್ಲಿಂದ ಸುಮ್ನೆ ಎದ್ದು ಬಂದೆ.

ಬಾತ್‌ರೂಮಿಗೆ ನೀವೇ ಹೋಗಿ ನೋಡಿ. ಕಮೋಡ್ ಪಕ್ಕದ ಹಿಡಿ ಜಗ್ಗಿ, ಅಲುಗಬಾರದು. ಮಂಚದ ಹತ್ತಿರದ ಕರೆಗಂಟೆ ಒತ್ತಿ, ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಅದನ್ನು ಬರೆದಿಡುತ್ತಾರಾ ಎಂದು ಕೇಳಿ.

ಬೆಂಗಳೂರಿನಲ್ಲಿ ಇನ್ನೊಂದು ಮಾತು ಕೇಳಲೇಬೇಕು: ಆರೈಕೆ ಮಾಡುವವರಿಗೆ ಕನ್ನಡ ಬರುತ್ತದಾ? ಎಷ್ಟೋ ಹುಡುಗಿಯರು ದೂರದ ರಾಜ್ಯಗಳಿಂದ ಬಂದವರು, ಕೆಲಸದಲ್ಲಿ ಚುರುಕು. ಆದರೆ ‘ಎದೆ ಉರೀತಿದೆ ಕಣಮ್ಮ’ ಎಂದರೆ ಅರ್ಥವಾಗದಿದ್ದರೆ ಅಪಾಯ. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲವರು ಒಬ್ಬರಾದರೂ ಇರಲಿ.

ಕೊನೆಗೆ ಕರಾರು ಪತ್ರ. ಅಡ್ವಾನ್ಸ್ ಯಾವಾಗ ವಾಪಸು? ಡಯಾಪರ್, ಫಿಸಿಯೊಥೆರಪಿ, ಡಾಕ್ಟರ್ ಫೀಸು ತಿಂಗಳ ಹಣದಲ್ಲೇ ಸೇರಿದೆಯಾ? ಆರೋಗ್ಯ ಕೆಟ್ಟರೆ ಇಟ್ಟುಕೊಳ್ಳುತ್ತಾರಾ, ಕರೆದುಕೊಂಡು ಹೋಗಿ ಅನ್ನುತ್ತಾರಾ? ಬಾಯಿಮಾತು ಬೇಡ, ಕಾಗದದಲ್ಲಿ ಇರಲಿ.

ಅಲ್ಲಿ ಬಿಟ್ಟು ಬಂದರೆ ಮಕ್ಕಳ ಹೊಣೆ ಮುಗಿಯುವುದಿಲ್ಲ. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ ಎಂದು 2007ರ ಕಾನೂನೇ ಹೇಳುತ್ತದೆ. ತೊಂದರೆಯಾದರೆ ಹಿರಿಯರೇ ಫೋನ್ ಮಾಡಬಹುದಾದ ಸಹಾಯವಾಣಿ 14567. ಈ ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆದು ಅವರ ಫೋನಿನ ಹಿಂದೆ ಅಂಟಿಸಿ.

ಆಗುವುದಾದರೆ ಮೊದಲು ಎರಡು ವಾರ ಮಾತ್ರ ಇದ್ದು ನೋಡಲಿ. ಅವರದೇ ದಿಂಬು, ಹೊದಿಕೆ, ಕಾಫಿ ಲೋಟ ಜೊತೆಗೆ ಕಳಿಸಿ.