ಸರಿ ಉತ್ತರ ಬಂದರೂ ‘ಹೆಂಗ?’ ಅಂತ ಕೇಳ್ತೇನೆ

ಬಾಗಲಕೋಟೆಯ ನವನಗರದ ಒಂದು ಕಾಲೇಜಿನಲ್ಲಿ ಎಂ.ಕಾಂ ಓದುತ್ತಿದ್ದೇನೆ. ಸಂಜೆ ಬಿ.ಕಾಂ ಜೂನಿಯರ್‌ಗಳನ್ನು ಕೂಡಿಸಿಕೊಂಡು ಅಕೌಂಟೆನ್ಸಿ ಓದಿಸುತ್ತೇನೆ. ಪಾಠ ಮಾಡುವುದಿಲ್ಲ, ಅದು ಸರ್‌ಗಳ ಕೆಲಸ. ನನ್ನ ಕೆಲಸ ಪ್ರಶ್ನೆ ಕೇಳುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು. ಎರಡನೆಯದೇ ಜಾಸ್ತಿ ಕಷ್ಟ.

ಹಿರಿಯ ವಿದ್ಯಾರ್ಥಿಗಳು ಹೀಗೆ ಗುಂಪು ಓದು ನಡೆಸುವ ಒಂದು ಪದ್ಧತಿಯನ್ನು 1973ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಶುರು ಮಾಡಿದರು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ವಿಚಾರ. ಓದಿನಲ್ಲಿ ಹಿಂದಿರುವವರು ಯಾರು ಅಂತ ಅಲ್ಲಿ ಹುಡುಕುವುದಿಲ್ಲ. ಕಷ್ಟದ ಸಬ್ಜೆಕ್ಟ್ ಯಾವುದು ಅಂತ ನೋಡುತ್ತಾರೆ. ಆ ಸಬ್ಜೆಕ್ಟ್ ಓದುವ ಯಾರು ಬೇಕಾದರೂ ಬಂದು ಕೂರಬಹುದು. ಹಾಗಾಗಿ ಬರೋದಕ್ಕೆ ಯಾರಿಗೂ ನಾಚಿಕೆ ಇರೋದಿಲ್ಲ. ನಮ್ಮಲ್ಲೂ ಇಂಟರ್ನಲ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವರು, ಬ್ಯಾಕ್‌ಲಾಗ್ ಇರುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ನಾನು ಎಂದೂ ಕೇಳದ ಪ್ರಶ್ನೆ ‘ತಿಳೀತಾ?’ ಅನ್ನೋದು. ಅದಕ್ಕೆ ಎಲ್ಲರೂ ಮರ್ಯಾದೆಗೆ ‘ಹೂಂರಿ ಅಕ್ಕಾ’ ಅಂದುಬಿಡುತ್ತಾರೆ. ಅದರ ಬದಲು ‘ಈ ಲೆಕ್ಕ ಪರೀಕ್ಷಾದಾಗ ಬಂದ್ರ ಯಾವ ಸಾಲಿನಾಗ ಸಿಕ್ಕೊಂತೀರಿ?’ ಅಂತ ಕೇಳುತ್ತೇನೆ. ಆಗ ಬೆರಳು ನೇರ ಆ ಸಾಲಿಗೇ ಹೋಗುತ್ತದೆ.

ಸವಕಳಿ (ಡಿಪ್ರಿಸಿಯೇಶನ್) ಪಾಠವನ್ನೇ ತಗೊಳ್ಳಿ. ಯಂತ್ರ ಸವೆದಂತೆ ಇಳಿಯುವ ಅದರ ಬೆಲೆಯನ್ನು ವರ್ಷವರ್ಷಕ್ಕೆ ಹಂಚಿ ಖರ್ಚು ಅಂತ ಬರೆಯುವುದು ಅದು. ‘ಸವಕಳಿ ಅಂದ್ರೇನು?’ ಅಂದರೆ ಎಲ್ಲರೂ ಪುಸ್ತಕದ ವಾಕ್ಯವನ್ನು ಗಡಗಡ ಒಪ್ಪಿಸುತ್ತಾರೆ. ಅದಕ್ಕೇ ನಾನು ಬನಹಟ್ಟಿ ಕಡೆಯ ಮಗ್ಗದಿಂದ ಶುರು ಮಾಡುತ್ತೇನೆ. ಬೋರ್ಡಿನ ಮೇಲೆ ಬರೆಯುವುದು ಇಷ್ಟೇ: ಮಗ್ಗದ ಬೆಲೆ 1,20,000 ರೂಪಾಯಿ, 10 ವರ್ಷ ಬಾಳಿಕೆ, ಕೊನೆಗೆ ಗುಜರಿಗೆ ಹಾಕಿದರೆ 20,000. ಬೆಲೆಯಲ್ಲಿ ಗುಜರಿ ರೊಕ್ಕ ಕಳೆದು, 10 ವರ್ಷಕ್ಕೆ ಹಂಚಿ, ವರ್ಷಕ್ಕೆ ಸವಕಳಿ 10,000 ಅಂತ ಅವರೇ ತೆಗೆಯುತ್ತಾರೆ. ಆಮೇಲೆ ಕೇಳುತ್ತೇನೆ: ‘ಎರಡನೇ ವರ್ಷ 10,000 ಖರ್ಚು ಬರದ್ವಿ. ಆ ರೊಕ್ಕ ಯಾರಿಗೆ ಕೊಟ್ವಿ?’

ಎಲ್ಲರೂ ಸುಮ್ಮನಾಗುತ್ತಾರೆ. ನಾನೂ ಸುಮ್ಮನಿರುತ್ತೇನೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಅಂತ ಮೇರಿ ಬಡ್ ರೋ ಎಂಬ ಸಂಶೋಧಕಿ ತೋರಿಸಿಕೊಟ್ಟಿದ್ದರು. ಮೂರು ಸೆಕೆಂಡಿಗೂ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚುತ್ತದೆ. ಉತ್ತರ ಬಂದ ಮೇಲೂ ಹಾಗೇ ಕಾಯಬೇಕು ಅನ್ನುತ್ತಾರೆ ಅವರು. ನನ್ನ ಪ್ರಕಾರ ಹೆಚ್ಚು ಕೆಲಸ ಮಾಡುವುದು ಈ ಎರಡನೇ ಕಾಯುವಿಕೆ.

ಒಮ್ಮೆ ಮಗ್ಗದ ಮನೆಯ ಹುಡುಗಿಯೊಬ್ಬಳು ಮೆಲ್ಲಗೆ ಅಂದಳು, ‘ಯಾರಿಗೂ ಕೊಟ್ಟಿಲ್ರಿ ಅಕ್ಕಾ. ತಗೊಂಡಾಗನ ಎಲ್ಲಾ ಕೊಟ್ಟೇವಲ್ರಿ.’ ಸರಿ ಉತ್ತರ. ಆದರೆ ನಾನು ‘ಶಭಾಷ್’ ಅನ್ನಲಿಲ್ಲ. ಅಂದಿದ್ದರೆ ಉಳಿದವರು ಯೋಚನೆ ಬಿಟ್ಟು ಬರೆದುಕೊಳ್ಳುತ್ತಿದ್ದರು. ‘ಹೆಂಗ?’ ಅಂದೆ, ಅಷ್ಟೇ. ಆಕೆ ಬಿಡಿಸಿ ಹೇಳಿದಳು. ಪಕ್ಕದವನಿಗೆ, ‘ಆಕಿ ಹೇಳಿದ್ದು ನಿನ್ನ ಮಾತಿನಾಗ ಹೇಳಪಾ’ ಅಂದೆ. ಅವನು ಹೇಳುತ್ತಾ ಹೇಳುತ್ತಾ ತಾನೇ ನಿಂತು, ‘ರೊಕ್ಕ ಹೋಗೇ ಇಲ್ಲಂದ್ರ ಲಾಭ ಯಾಕ ಕಡಿಮಿ ಮಾಡಬೇಕ್ರಿ?’ ಅಂತ ಕೇಳಿದ. ಎಂಥ ಪ್ರಶ್ನೆ ಅಲ್ವಾ! ಅದನ್ನು ಹಾಗೇ ಗುಂಪಿನ ಮುಂದಿಟ್ಟೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: ‘ಈ ವರ್ಷ ಮಗ್ಗ ದುಡಿಸ್ಕೊಂಡೇವಿ, ಅಷ್ಟು ಸವದೈತಿ. ಈ ವರ್ಷದ ಪಾಲು ಈ ವರ್ಷಕ್ಕ ಬರೀಬೇಕಲ್ಲ.’ ಕ್ಯಾಶ್ ಫ್ಲೋ ಲೆಕ್ಕದಲ್ಲಿ, ಅಂದರೆ ನಿಜವಾಗಿ ಕೈಗೆ ಬಂದ, ಕೈಯಿಂದ ಹೋದ ಹಣದ ಲೆಕ್ಕದಲ್ಲಿ, ಸವಕಳಿಯನ್ನು ಲಾಭಕ್ಕೆ ಮತ್ತೆ ಯಾಕೆ ಕೂಡಿಸುತ್ತಾರೆ ಅನ್ನೋದನ್ನು ಆಮೇಲೆ ಬಾಯಿಪಾಠ ಮಾಡುವ ಅಗತ್ಯವೇ ಬರಲಿಲ್ಲ.

ತಪ್ಪು ಉತ್ತರ ಬಂದಾಗಲೂ ನನ್ನ ಮಾತು ಅದೇ ‘ಹೆಂಗ?’. ತಪ್ಪಿದಾಗ ಮಾತ್ರ ಕೇಳಿದರೆ ಆ ಪದಕ್ಕೇ ಹೆದರಿಬಿಡುತ್ತಾರೆ. ಒಬ್ಬ ಸವಕಳಿಯನ್ನು ಮಗ್ಗದ ಖಾತೆಗೆ ಕ್ರೆಡಿಟ್ ಹಾಕಿ ಕಳೆಯುವ ಬದಲು 10,000 ಡೆಬಿಟ್ ಹಾಕಿದ. ಒರೆಸಲಿಲ್ಲ. ‘ಹಂಗಾರ ಮೊದಲ ವರ್ಷದ ಕೊನಿಗೆ ಮಗ್ಗದ ಬೆಲೆ ಎಷ್ಟಾತು?’ ಅಂದೆ. ಕೂಡಿಸಿದ, 1,30,000. ಹಳೇದಾದಷ್ಟೂ ಬೆಲೆ ಏರುವ ಮಗ್ಗ ನೋಡಿ ಅವನಿಗೇ ನಗು ಬಂತು. ತಾನೇ ಡಸ್ಟರ್ ತಗೊಂಡು ತಿದ್ದಿದ.

ಕೆಲವರು, ಅದರಲ್ಲೂ ಹುಡುಗಿಯರು, ಎಲ್ಲರ ಮುಂದೆ ಮಾತಾಡೋದಿಲ್ಲ. ಅವರಿಗೋಸ್ಕರ ಮೊದಲು ಇಬ್ಬಿಬ್ಬರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ ಅಂತ ಬಿಡುತ್ತೇನೆ. ಕನ್ನಡ ಮೀಡಿಯಂನಿಂದ ಬಂದವರು ಮೊದಲು ಮನೆ ಮಾತಿನಲ್ಲೇ ಹೇಳಲಿ. ಇಂಗ್ಲಿಷ್‌ನಲ್ಲಿ ಬರೆಯುವುದು ಆಮೇಲೆ.

‘ಅಕ್ಕಾ, ನೀವೇ ಹೇಳಿಬಿಡ್ರಿ’ ಅಂತ ಗಂಟು ಬೀಳುವವರು ಇದ್ದೇ ಇರುತ್ತಾರೆ. ಆಗ ನೋಟ್ಸ್ ತೆಗೆಸುತ್ತೇನೆ, ಅಥವಾ ಪ್ರಶ್ನೆಯನ್ನು ಒಡೆದು ಸಣ್ಣದು ಮಾಡುತ್ತೇನೆ. ಆದರೂ ಯಾರಿಗೂ ಬಗೆಹರಿಯದಿದ್ದರೆ ಇಬ್ಬರು ಮರುದಿನ ಸರ್ ಹತ್ತಿರ ಹೋಗಿ ಕೇಳಿಕೊಂಡು ಬರಬೇಕು.

ಏಳುವ ಮುಂಚೆ ಒಬ್ಬೊಬ್ಬರೂ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಕೊಡಬೇಕು. ‘ಎಂದರೇನು?’ ಅಂತ ಮುಗಿಯುವಂತಿಲ್ಲ. ಮುಂದಿನ ಸಲ ಶುರು ಮಾಡುವುದು ಆ ಚೀಟಿಗಳಿಂದಲೇ. ತಮ್ಮ ಪ್ರಶ್ನೆಗೆ ತಾವೇ ಉತ್ತರ ಹೇಳಲು ಮಾತ್ರ ಅವಕಾಶವಿಲ್ಲ.